ಉನ್ನತ ಶಿಕ್ಷಣ: ಸೀಟಿನಿಂದ ಶುಲ್ಕದವರೆಗೆ

(ಸಂಸ್ಥೆಯ ವಾರ್ಷಿಕ ಪ್ರತಿಭಾ ಪುರಸ್ಕಾರ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



‘ಉನ್ನತ ಶಿಕ್ಷಣ ಮತ್ತು ನಮ್ಮ ಸಮುದಾಯ’ ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಹೇಳಿದಾಗ ನನಗೆ ಸ್ವಲ್ಪ ಸಂಕೋಚವಾಯಿತು. ನಾನು ಕಾಲೇಜಿನಲ್ಲಿ ಪಾಠ ಮಾಡಿದವಳಲ್ಲ. ಪ್ರೌಢಶಾಲೆಯಲ್ಲಿ ಉರ್ದು ಮತ್ತು ಕನ್ನಡ ಕಲಿಸುವವಳು. ಆದರೆ ಕಾಲೇಜಿನ ಬಾಗಿಲವರೆಗೆ ಹೋಗಿ ಯಾರು ಹಿಂದಿರುಗಿದರು ಎಂಬುದು ಮೊದಲು ಗೊತ್ತಾಗುವುದು ಶಾಲೆಯ ಶಿಕ್ಷಕರಿಗೇ. ವ್ಯಾಸಂಗ ಪ್ರಮಾಣಪತ್ರ ಬೇಕು, ಹೆಸರು ತಿದ್ದಬೇಕು, ಒಂದು ಸಹಿ ಬೇಕು ಎಂದು ಮಕ್ಕಳು ನಮ್ಮ ಹತ್ತಿರವೇ ಮರಳಿ ಬರುತ್ತಾರೆ. ಆ ಅನುಭವದ ಮೇಲೆ ಎರಡು ಮಾತು ಹೇಳುತ್ತೇನೆ.

ಮೊದಲು ಒಬ್ಬ ಹುಡುಗಿಯ ವಿಷಯ. ಹೆಸರು ಹೇಳುವುದಿಲ್ಲ. ತಂದೆ ದಾವಣಗೆರೆಯಲ್ಲಿ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುವವರು. ಭಟ್ಟಿಯ ಹೊಗೆ ಮತ್ತು ಬಿಸಿ ಎಂಥದ್ದೆಂದು ಇಲ್ಲಿರುವ ಅನೇಕರಿಗೆ ನಾನು ಹೇಳಬೇಕಾಗಿಲ್ಲ. ಅವಳು ನಮ್ಮ ಶಾಲೆಯಲ್ಲಿ ಓದಿ, ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡು, 2018ರಲ್ಲಿ ಸಿಇಟಿ ಬರೆದು ಇಂಜಿನಿಯರಿಂಗ್ ಸೀಟು ಪಡೆದಳು. ಆ ಮನೆತನದಲ್ಲಿ ಅಲ್ಲಿಯವರೆಗೆ ಪಿಯುಸಿ ದಾಟಿದವರಿರಲಿಲ್ಲ. ಶುಲ್ಕ ಕಟ್ಟಿ ಪ್ರವೇಶ ಆದೇಶ ಪಡೆಯಲು ಇದ್ದದ್ದು ಕೆಲವೇ ದಿನ. ಶೈಕ್ಷಣಿಕ ಸಾಲಕ್ಕೆ ಅರ್ಜಿ ಹಾಕಿದ್ದರು. ಅದು ವಾಪಸು ಬಂತು. ಕಾರಣವೇನೆಂದರೆ, ಅಂಕಪಟ್ಟಿಯಲ್ಲಿರುವ ಹೆಸರು ಮತ್ತು ಆಧಾರ್‌ನಲ್ಲಿರುವ ಹೆಸರು ಒಂದೇ ಅಲ್ಲ. ಒಂದು ಕಡೆ ಇಂಗ್ಲಿಷಿನ ಜೆ ಅಕ್ಷರ, ಇನ್ನೊಂದು ಕಡೆ ಜೆಡ್.

ಇದು ಹೇಗಾಯಿತು ಎಂದು ನನಗೆ ಚೆನ್ನಾಗಿ ಗೊತ್ತು. ಉರ್ದುವಿನ ‘ಝೆ’ ಅಕ್ಷರವನ್ನು ನಾವು ಕನ್ನಡದಲ್ಲಿ ‘ಜ’ ಎಂದು ಬರೆಯುತ್ತೇವೆ. ಆ ಕನ್ನಡವನ್ನು ನೋಡಿಕೊಂಡು ಯಾರಾದರೂ ಇಂಗ್ಲಿಷಿಗೆ ಇಳಿಸಿದರೆ ಅದು ಜೆ ಆಗುತ್ತದೆ. ದಾಖಲಾತಿ ರಿಜಿಸ್ಟರಿನಲ್ಲಿ ಅವಳ ಹೆಸರನ್ನು ಬರೆದ ಕೈಬರಹ ನನ್ನದೇ. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಅದು. ಎರಡೂ ಭಾಷೆ ಕಲಿಸುವ ನಾನು ಆ ಅಕ್ಷರದ ಬಗ್ಗೆ ಒಂದು ನಿಮಿಷ ಯೋಚಿಸಲಿಲ್ಲ.

ಶುಲ್ಕ ಕಟ್ಟುವ ಕೊನೆಯ ದಿನದ ಹಿಂದಿನ ಸಂಜೆ ತಂದೆ, ಮಗಳು ಇಬ್ಬರೂ ನಮ್ಮ ಮನೆಗೆ ಬಂದರು. ‘ಟೀಚರಮ್ಮ, ಹಣ ಬಂದೇ ಬರುತ್ತದೆ, ಇವತ್ತು ಮಾತ್ರ ಇಲ್ಲ’ ಎಂದರು. ನನ್ನ ಹತ್ತಿರ ಇದ್ದದ್ದನ್ನು ಕೊಟ್ಟೆ, ಅದು ಕಾಲುಭಾಗಕ್ಕೂ ಸಾಲಲಿಲ್ಲ. ಮೂರ್ನಾಲ್ಕು ಮನೆಗೆ ಫೋನು ಮಾಡಿದೆವು. ಯಾರೂ ಕೆಟ್ಟವರಲ್ಲ, ‘ನಾಳಿದ್ದು ನೋಡೋಣ’ ಎಂದರು. ನಾಳಿದ್ದಿಗೆ ಸೀಟು ಇರಲಿಲ್ಲ. ಹುಡುಗಿ ಬಿ.ಕಾಂ. ಸೇರಿದಳು, ಚೆನ್ನಾಗಿಯೇ ಓದಿದಳು, ಈಗ ಒಂದು ಬಟ್ಟೆ ಅಂಗಡಿಯಲ್ಲಿ ಲೆಕ್ಕಪತ್ರ ನೋಡುತ್ತಾಳೆ. ಅವಳ ಬದುಕು ಹಾಳಾಯಿತೆಂದು ನಾನು ಹೇಳುವುದಿಲ್ಲ. ಆದರೆ ಅವಳು ಗಳಿಸಿದ್ದನ್ನು ನಾವು ಕಳೆದೆವು.

ಈಗ ಕೆಲವು ಅಂಕಿಅಂಶ. ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಸಮಿತಿ 2006ರಲ್ಲಿ ವರದಿ ಕೊಟ್ಟಿತು. ದೇಶದ ಪ್ರಮುಖ ಕಾಲೇಜುಗಳಲ್ಲಿ ಪದವಿ ಓದುವ 25 ಮಂದಿಯಲ್ಲಿ ಒಬ್ಬರು, ಸ್ನಾತಕೋತ್ತರ ಓದುವ 50 ಮಂದಿಯಲ್ಲಿ ಒಬ್ಬರು ಮಾತ್ರ ಮುಸ್ಲಿಮರು ಎಂಬ ಮಾತನ್ನು ನಾವೆಲ್ಲ ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇವೆ. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ, ಅದನ್ನು ಯಾರೂ ಹೇಳುವುದಿಲ್ಲ. ಶಾಲಾ ಹಂತ ಮುಗಿಸಿ ಕಾಲೇಜಿಗೆ ಅರ್ಹತೆ ಪಡೆದ ಮೇಲೆ, ನಮ್ಮ ಮಕ್ಕಳಿಗೂ ಉಳಿದವರಿಗೂ ಇರುವ ಅಂತರ ಕಡಿಮೆಯಾಗುತ್ತದೆ ಎಂಬುದು. ಅಂದರೆ ನಮ್ಮ ಮಕ್ಕಳು ಓದಲಾರದವರಲ್ಲ. ಹೊಸ್ತಿಲ ಹತ್ತಿರ ಉದುರುತ್ತಿದ್ದಾರೆ.

ಕೇಂದ್ರ ಶಿಕ್ಷಣ ಸಚಿವಾಲಯದ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 2019-20ರಲ್ಲಿ ದೇಶದಲ್ಲಿ ಸುಮಾರು 21 ಲಕ್ಷ ಮುಸ್ಲಿಂ ವಿದ್ಯಾರ್ಥಿಗಳಿದ್ದರು. ಕೊರೋನಾ ವರ್ಷವಾದ 2020-21ರಲ್ಲಿ ಆ ಸಂಖ್ಯೆ 19.22 ಲಕ್ಷಕ್ಕೆ ಇಳಿಯಿತು, ಒಟ್ಟು ವಿದ್ಯಾರ್ಥಿಗಳಲ್ಲಿ ಶೇ. 4.6. ಜನಸಂಖ್ಯೆಯಲ್ಲಿ ನಾವು 2011ರ ಜನಗಣತಿಯಂತೆ ಶೇ. 14.2. ದೇಶದ ಒಟ್ಟು ವಿದ್ಯಾರ್ಥಿಗಳ ಸಂಖ್ಯೆ ಏರಿದ ಅದೇ ವರ್ಷ ನಮ್ಮದು ಇಳಿಯಿತು. ಮನೆಯಲ್ಲಿ ಒಂದು ವರ್ಷದ ಸಂಪಾದನೆ ನಿಂತರೆ ಸಾಕು, ಮೊದಲು ನಿಲ್ಲುವುದು ಮಗುವಿನ ಕಾಲೇಜು. ಮರುವರ್ಷ ಸಂಖ್ಯೆ ಮತ್ತೆ ಏರಿತು ಎನ್ನುವುದು ಸಮಾಧಾನ. ಆದರೆ ಆ ವರ್ಷ ಬಿಟ್ಟ ಮಕ್ಕಳೇ ಮರಳಿ ಬಂದರೆಂದು ಯಾರೂ ಭಾವಿಸಬಾರದು.

ಸರ್ಕಾರದಿಂದ ಏನೂ ಇಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ, ಎಲ್ಲವೂ ಇದೆ ಎನ್ನುವ ಮಾತನ್ನೂ ಒಪ್ಪುವುದಿಲ್ಲ. ಈ ನಾಡಿನಲ್ಲಿ ಹಿಂದುಳಿದವರನ್ನು ಮೇಲೆತ್ತುವ ಪ್ರಯತ್ನಕ್ಕೆ ಹಳೆಯ ಇತಿಹಾಸವಿದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1918ರಲ್ಲಿ ನೇಮಕವಾದ ಮಿಲ್ಲರ್ ಸಮಿತಿ ಹಿಂದುಳಿದವರ ಸಾಲಿನಲ್ಲಿ ಮುಸಲ್ಮಾನರನ್ನೂ ಸೇರಿಸಿತ್ತು. ಇಂದಿನ 2ಬಿ ಪ್ರವರ್ಗದ ಶೇ. 4ರ ಮೀಸಲಾತಿಯನ್ನು 2023ರ ಮಾರ್ಚಿನಲ್ಲಿ ಆಗಿನ ರಾಜ್ಯ ಸರ್ಕಾರ ರದ್ದುಪಡಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು, ಆದೇಶ ಜಾರಿಗೆ ಬರಲಿಲ್ಲ. ಆದರೆ ಕೇಂದ್ರ ಸರ್ಕಾರ 2022ರಲ್ಲಿ ನಿಲ್ಲಿಸಿದ ಕೆಲವು ಯೋಜನೆಗಳ ಹೊಡೆತ ನಮಗೆ ಬಿದ್ದಿದೆ. 1ರಿಂದ 8ನೇ ತರಗತಿವರೆಗಿನ ಅಲ್ಪಸಂಖ್ಯಾತ ವಿದ್ಯಾರ್ಥಿವೇತನ ನಿಂತಿತು. ಸಂಶೋಧನೆ ಮಾಡುವವರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ನಿಂತಿತು. ವಿದೇಶ ವ್ಯಾಸಂಗದ ಸಾಲಕ್ಕೆ ಬಡ್ಡಿ ಸಹಾಯಧನ ಕೊಡುತ್ತಿದ್ದ ‘ಪಢೋ ಪರದೇಶ್’ ಕೂಡ ನಿಂತಿತು. ಉಳಿದಿರುವುದನ್ನಾದರೂ ನಾವು ಕೈಬಿಡಬಾರದು.

ಉಳಿದಿರುವುದು ಸಿಗಬೇಕಾದರೆ ಕಾಗದ ಸರಿಯಿರಬೇಕು. ಪೋಷಕರೇ, ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಸಿಇಟಿ ಅರ್ಜಿಯಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ ಕೇಳುತ್ತಾರೆ. ಆ ಸಂಖ್ಯೆ ತಪ್ಪಾದರೆ, ಪತ್ರದ ಅವಧಿ ಮುಗಿದಿದ್ದರೆ, ಮಗು ಸಾಮಾನ್ಯ ವರ್ಗಕ್ಕೆ ಹೋಗುತ್ತದೆ. ಆಮೇಲೆ ಅತ್ತರೂ ಬರುವುದಿಲ್ಲ. ಇನ್ನೊಂದು ವಿಷಯ. ನಮ್ಮಲ್ಲಿ ಪಿಂಜಾರ, ನದಾಫ್ ಸಮಾಜದವರಿದ್ದಾರೆ. ಅವರು ಪ್ರವರ್ಗ-1ಕ್ಕೆ ಸೇರಿದವರು, ಅಲ್ಲಿ ಕೆನೆಪದರದ ಆದಾಯ ಮಿತಿಯಿಲ್ಲ. ಮುಸ್ಲಿಂ ಎಂದರೆ 2ಬಿ ಎಂದು ತಿಳಿದು 2ಬಿ ಪತ್ರ ಮಾಡಿಸಿಕೊಂಡ ಮನೆಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹೆಸರಿನ ತಿದ್ದುಪಡಿಯನ್ನು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಮುಂಚೆಯೇ ಶಾಲೆಯ ಮೂಲಕ ಮಾಡಿಸಿ. ಅಂಕಪಟ್ಟಿ ಅಚ್ಚಾದ ಮೇಲೆ ಅದು ದೊಡ್ಡ ಅಲೆದಾಟ. ನನ್ನ ತರಗತಿಯಲ್ಲಿ ಈಗ ಪ್ರತಿವರ್ಷ ಒಂದು ದಿನ ಪಾಠ ನಿಲ್ಲಿಸಿ ಆಧಾರ್ ಮತ್ತು ರಿಜಿಸ್ಟರ್ ಎರಡನ್ನೂ ಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡುತ್ತೇವೆ.

ಸಾಲದ ವಿಷಯ ಬಂದಾಗ ನಮ್ಮಲ್ಲಿ ಎರಡು ಥರದ ಮೌನವಿದೆ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ‘ಅರಿವು’ ಸಾಲ ಸಿಇಟಿ, ನೀಟ್ ಮೂಲಕ ಸೀಟು ಪಡೆದವರಿಗೆ ಸಿಗುತ್ತದೆ ಎಂಬುದು ಅನೇಕರಿಗೆ ಗೊತ್ತೇ ಇಲ್ಲ. ಬ್ಯಾಂಕುಗಳ ಶೈಕ್ಷಣಿಕ ಸಾಲಕ್ಕೆ 7.5 ಲಕ್ಷದವರೆಗೆ ಆಸ್ತಿಯ ಅಡಮಾನ ಬೇಕಿಲ್ಲ, 2015ರಿಂದ ವಿದ್ಯಾಲಕ್ಷ್ಮಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬಹುದು, ಇದೂ ಗೊತ್ತಿಲ್ಲ. ಇದು ತಿಳಿಯದವರ ಮೌನ. ಇನ್ನು ತಿಳಿದವರ ಮೌನ ಬಡ್ಡಿಯ ಕಾರಣಕ್ಕೆ. ನಾನು ಆಲಿಮಾ ಅಲ್ಲ, ಫತ್ವಾ ಕೊಡುವುದು ನನ್ನ ಕೆಲಸವಲ್ಲ, ಆ ಪ್ರಶ್ನೆಯನ್ನು ನಿಮ್ಮ ಉಲಮಾಗಳನ್ನೇ ಕೇಳಿ. ಆದರೆ ಒಂದು ಮಾತು ಹೇಳದೆ ಇರಲಾರೆ. ಬ್ಯಾಂಕಿನ ಬಡ್ಡಿಗೆ ಹೆದರಿ ಮಗಳ ಓದು ನಿಲ್ಲಿಸಿದ ಮನೆಯಲ್ಲೇ ಅವಳ ಮದುವೆಗೆ ಕೈಗಡ ಬಡ್ಡಿಯಲ್ಲಿ ಸಾಲ ತಂದದ್ದನ್ನು ನೋಡಿದ್ದೇನೆ. ಬಡ್ಡಿ ಬೇಡವೆಂದರೆ ಬಡ್ಡಿಯಿಲ್ಲದ ದಾರಿಯನ್ನು ತೋರಿಸುವ ಹೊಣೆ ನಮ್ಮ ಮೇಲೆ, ಅಂದರೆ ಇಂಥ ಸಂಸ್ಥೆಗಳ ಮೇಲೆ ಬರುತ್ತದೆ.

ನನ್ನದೇ ಉದಾಹರಣೆ. ನಾನು ಬಿ.ಇಡಿ. ಸೇರಿದ್ದು 2012ರಲ್ಲಿ, ಆಗ ಅದು ಒಂದು ವರ್ಷದ ಕೋರ್ಸು. ಅಮ್ಮಿ ತಮ್ಮ ಎರಡು ಬಳೆ ಗಿರವಿ ಇಟ್ಟು ಶುಲ್ಕ ಕಟ್ಟಿದರು. ಹಣ ನಮ್ಮ ಮನೆಗೆ ಬರುವುದಿತ್ತು, ಅಬ್ಬಾ ಮಾಡಿದ್ದ ಕೆಲಸದ ಬಾಕಿ. ಅದು ಬಂದದ್ದು ಎರಡು ತಿಂಗಳ ನಂತರ. ಆ ಎರಡು ತಿಂಗಳಿಗೆ ಬಳೆ ಇರದಿದ್ದರೆ ನಾನು ಇವತ್ತು ಈ ಮೈಕಿನ ಮುಂದೆ ಇರುತ್ತಿರಲಿಲ್ಲ. ಎಲ್ಲ ಮನೆಯಲ್ಲೂ ಬಳೆ ಇರುವುದಿಲ್ಲ.

ಹೀಗಾಗಿ ಸಂಸ್ಥೆಯ ಮುಂದೆ ನನ್ನದೊಂದು ಮನವಿ. ದೊಡ್ಡ ವಿದ್ಯಾರ್ಥಿವೇತನ ನಿಧಿ ಕಟ್ಟುವ ಶಕ್ತಿ ನಮಗೆ ಇಂದು ಇಲ್ಲದಿರಬಹುದು. ಡಾ. ಮುಮ್ತಾಜ್ ಅಹ್ಮದ್ ಖಾನ್ ಅವರು 1966ರಲ್ಲಿ ಬೆಂಗಳೂರಿನಲ್ಲಿ ಅಲ್-ಅಮೀನ್ ಸಂಸ್ಥೆ ಆರಂಭಿಸಿದಂಥ ಸಾಹಸ ಎಲ್ಲ ಊರಿನಲ್ಲೂ ಆಗುವುದಿಲ್ಲ. ಆದರೆ ಶುಲ್ಕ ಕಟ್ಟುವ ಆ ಕೆಲವು ದಿನಗಳಿಗಾಗಿ ಒಂದು ಖರ್ಜೆ ಹಸನಾ ನಿಧಿ ಸಾಧ್ಯ. ಹಣವನ್ನು ಕೈಗೆ ಕೊಡುವುದು ಬೇಡ, ನೇರವಾಗಿ ಶುಲ್ಕದ ಚಲನ್ ಕಟ್ಟೋಣ. ಸಾಲ ಅಥವಾ ವಿದ್ಯಾರ್ಥಿವೇತನ ಮಂಜೂರಾದ ಮೇಲೆ ಮನೆಯವರು ಮರಳಿಸಲಿ, ಅದೇ ಹಣ ಮುಂದಿನ ವರ್ಷ ಇನ್ನೊಂದು ಮಗುವಿಗೆ ಹೋಗಲಿ. ಮರಳಿಸಲು ಆಗದವರು ಕೆಲವರು ಇದ್ದೇ ಇರುತ್ತಾರೆ. ಅವರಿಗೆ ಝಕಾತ್‌ನಿಂದ ಕೊಡಬಹುದೇ ಎಂಬುದನ್ನು ಉಲಮಾಗಳು ನಿರ್ಧರಿಸಲಿ, ಎರಡು ಲೆಕ್ಕಗಳು ಬೆರೆಯದಿರಲಿ. ಅಧ್ಯಕ್ಷರು ಕ್ಷಮಿಸಬೇಕು, ಈ ವೇದಿಕೆಯ ಮೇಲೆ ಇವತ್ತು ಹೊದಿಸಿದ ಶಾಲುಗಳನ್ನು ನಾನು ಎಣಿಸಿದೆ. ನನಗೆ ಹೊದಿಸಿದ್ದನ್ನೂ ಸೇರಿಸಿಯೇ ಎಣಿಸಿದೆ. (ನಗು)

ಗಂಡುಮಕ್ಕಳ ಬಗ್ಗೆ ಒಂದು ಮಾತು ಹೇಳಲೇಬೇಕು. ಇವತ್ತಿನ ಪುರಸ್ಕಾರದ ಸಾಲಿನಲ್ಲಿ ಹುಡುಗಿಯರೇ ಹೆಚ್ಚು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ಸಿನ ಖರ್ಚೆಂಬ ನೆಪವೂ ಅವರ ದಾರಿಯಿಂದ ಸರಿಯಿತು. ಹುಡುಗರು ಎಲ್ಲಿ? ಮೊಬೈಲ್ ರಿಪೇರಿ ಅಂಗಡಿಯಲ್ಲಿ, ಗ್ಯಾರೇಜಿನಲ್ಲಿ. ‘ಡಿಗ್ರಿ ಮಾಡಿ ಏನು ಸಿಗುತ್ತೆ ಟೀಚರ್, ನಾನೀಗಲೇ ದುಡೀತಿದೀನಿ’ ಎನ್ನುತ್ತಾರೆ. ಆ ಮಾತಿನಲ್ಲಿ ಸುಳ್ಳಿಲ್ಲ, ಮನೆಯ ಅಕ್ಕಿ ಆ ದುಡಿಮೆಯಿಂದ ಬರುತ್ತದೆ. ಅವರಿಗೆ ನಾನು ಬಿ.ಎ. ಮಾಡು ಎಂದು ಉಪದೇಶಿಸುವುದಿಲ್ಲ. ಎಸ್‌ಎಸ್‌ಎಲ್‌ಸಿ ಆದ ಮೇಲೆ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದರೆ ಡಿಸಿಇಟಿ ಬರೆದು ಇಂಜಿನಿಯರಿಂಗಿನ ಎರಡನೇ ವರ್ಷಕ್ಕೇ ಸೇರಬಹುದು ಎಂದು ಹೇಳುತ್ತೇನೆ. ದುಡಿಯುತ್ತಲೇ ಓದಬೇಕೆಂದರೆ ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಿದೆ, ಇಗ್ನೋ ಇದೆ. ಇಲ್ಲೇ ದಾವಣಗೆರೆಯಲ್ಲಿ ಯುಬಿಡಿಟಿ ಇಂಜಿನಿಯರಿಂಗ್ ಕಾಲೇಜು 1951ರಿಂದ ಇದೆ. ಅದರ ಗೇಟಿನ ಮುಂದೆ ಆಟೋ ಓಡಿಸುವ ನಮ್ಮ ಎಷ್ಟು ಹುಡುಗರು ಒಳಗೆ ಹೋಗಿ ನೋಡಿದ್ದಾರೆ?

ಕಾರ್ಯದರ್ಶಿಗಳು ಗಡಿಯಾರ ತೋರಿಸುತ್ತಿದ್ದಾರೆ. ನಿಧಿಯ ತೀರ್ಮಾನ ಸಮಿತಿಯದು. ಕಾಗದದ ಕೆಲಸಕ್ಕೆ ತೀರ್ಮಾನ ಬೇಕಿಲ್ಲ. ಬರುವ ಭಾನುವಾರದಿಂದ ಪ್ರತಿ ಭಾನುವಾರ ಹತ್ತರಿಂದ ಒಂದು ಗಂಟೆಯವರೆಗೆ ನಮ್ಮ ಶಾಲೆಯ ಗ್ರಂಥಾಲಯದಲ್ಲಿ ಕುಳಿತಿರುತ್ತೇನೆ. ಎಂಟನೇ ತರಗತಿಯಿಂದ ಪಿಯುಸಿವರೆಗಿನ ಮಕ್ಕಳ ಆಧಾರ್, ಅಂಕಪಟ್ಟಿ, ಜಾತಿ-ಆದಾಯ ಪತ್ರ, ಬ್ಯಾಂಕ್ ಪಾಸ್‌ಬುಕ್ ಇವುಗಳ ಮೂಲಪ್ರತಿ ಮತ್ತು ಒಂದೊಂದು ಜೆರಾಕ್ಸ್ ತನ್ನಿ. ಕಂಪ್ಯೂಟರಿನ ಮುಂದೆ ಕೂರಲು ಇನ್ನೊಬ್ಬರು ಒಪ್ಪಿದ್ದಾರೆ. ಆಗ ಹೇಳಿದೆನಲ್ಲ, ಬಟ್ಟೆ ಅಂಗಡಿಯಲ್ಲಿ ಲೆಕ್ಕ ನೋಡುವ ಆ ಹುಡುಗಿ. ಭಾನುವಾರ ಅವಳಿಗೆ ರಜೆ.

ವಸ್ಸಲಾಮ್.