ಒಂದೇ ಬಸಿರಿನ ಎರಡು ಬಣ್ಣ

ಕಂಪ್ಯೂಟರ್ ಬಗ್ಗೆ ಮಾತಾಡು ಎಂದಿದ್ದರು. ನಾನು ಚಿರತೆಯ ಬಗ್ಗೆ ಮಾತಾಡುತ್ತೇನೆ, ಕ್ಷಮಿಸಬೇಕು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಕೊಟ್ಟಿಗೆಯ ಕರುವನ್ನು ಕರಿ ಚಿರತೆ ಒಯ್ದಿತು. ಅದರ ಜಾತಿಯೇ ಬೇರೆ, ಅದೊಂದನ್ನು ಮುಗಿಸಿದರೆ ಕಾಟ ತಪ್ಪುತ್ತದೆ ಎಂದು ಅಜ್ಜ ಉರುಳು ಹಾಕಲು ಹೊರಟಿದ್ದರು. ನಾನೂ ಪರೀಕ್ಷೆಯಲ್ಲಿ ಬೇರೆ ಜಾತಿ ಎಂದೇ ಬರೆದೆ. ವಿಜ್ಞಾನದ ಮಾಸ್ತರು ಸೊನ್ನೆ ಕೊಟ್ಟರು. ಅಷ್ಟಕ್ಕೇ ಬಿಡದೆ ಸಂಜೆ ನಮ್ಮ ಜಗಲಿಗೆ ಬಂದು ಕೂತರು.

"ಅಜ್ಜಾ, ಚುಕ್ಕೆಯ ತಂದೆತಾಯಿಗೂ ಕರಿ ಮರಿ ಹುಟ್ಟಬಹುದು. ಇಬ್ಬರಲ್ಲೂ ಕಪ್ಪಿನ ಗುಣ ಅಡಗಿದ್ದರೆ, ಒಂದೊಂದು ಮರಿಗೂ 4ರಲ್ಲಿ 1 ಪಾಲು ಸಾಧ್ಯತೆ."

"ಹಾಗಾದ್ರೆ ಮಾಸ್ತರೇ, ಕರಿಯದನ್ನ ಕೊಂದ್ರೂ ಮತ್ತೆ ಹುಟ್ತದಾ?"

"ಹುಟ್ತದೆ."

ಅಜ್ಜ ಬಹಳ ಹೊತ್ತು ಎಲೆ ಅಡಿಕೆ ಜಗಿದರು. ಉರುಳು ಹಾಕಲಿಲ್ಲ. ಮರುದಿನ ಅಪ್ಪ ಕೊಟ್ಟಿಗೆಗೆ ಗಟ್ಟಿ ಬಾಗಿಲು ಮಾಡಿಸಿದ.

2012ರಲ್ಲಿ ವಿಜ್ಞಾನಿಗಳು ಚಿರತೆಯ ಈ ಕಪ್ಪಿನ ಮೂಲವನ್ನು ಎಎಸ್‌ಐಪಿ ಎಂಬ ಜೀನಿನಲ್ಲಿ ಗುರುತಿಸಿದರು. ಅಲ್ಲಿ ಒಂದೇ ಅಕ್ಷರ ಬದಲಾಗಿ ಜೀನಿನ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಒಂದಕ್ಷರ ತಪ್ಪಿದ ಪ್ರೋಗ್ರಾಂ ಹಿಡಿದು ಬೆಳಗಿನವರೆಗೆ ಕೂತ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ! ಕಪ್ಪಿನೊಳಗೂ ಚುಕ್ಕೆಗಳಿವೆ, ಇನ್‌ಫ್ರಾರೆಡ್ ಕ್ಯಾಮೆರಾದಲ್ಲಿ ಕಾಣುತ್ತವೆ.

ಹಾಗೆಂದು ಗುರುತುಗಳೆಲ್ಲ ಸುಳ್ಳಲ್ಲ. ಕಾಲಾ ಅಜಾರ್ ಥರದ ಜ್ವರ ಹರಡುವ ಮರಳುನೊಣ ಬ್ರೆಜಿಲಿನಲ್ಲಿದೆ. ಗಂಡಿನ ಹೊಟ್ಟೆಯ ಮೇಲೆ ಕೆಲವಕ್ಕೆ ಒಂದು ಜೊತೆ ಮಸುಕು ಚುಕ್ಕೆ, ಕೆಲವಕ್ಕೆ ಎರಡು ಜೊತೆ. ಸೊಬ್ರಾಲ್ ಎಂಬ ಊರಿನಲ್ಲಿ ಎರಡೂ ಒಟ್ಟಿಗಿದ್ದರೂ ಕೂಡುವುದು ಅಪರೂಪ, ಜೀನುಗಳೂ ಬೇರೆ. ಬೇರೆ ಊರುಗಳಲ್ಲಿ ಚುಕ್ಕೆ ಒಂದೇ ಇದ್ದರೂ, ಹೆಣ್ಣನ್ನು ಕರೆಯುವ ವಾಸನೆ ಬೇರೆ, ರೆಕ್ಕೆಯ ಹಾಡು ಬೇರೆ. ಯಾವ ಗುಂಪು ಯಾವುದೆಂದು ತಿಳಿಯದೆ ರೋಗ ತಡೆಯಲು ಹೊರಟರೆ ಅಜ್ಜನ ಉರುಳಿನ ಕಥೆಯೇ.

ಆ ನೊಣ 3 ಮಿಲಿಮೀಟರೂ ಇಲ್ಲ. ಚುಕ್ಕೆ ಎಣಿಸಲು ಸೂಕ್ಷ್ಮದರ್ಶಕ ಬೇಕು. ನಮ್ಮ ಕಾಲದಲ್ಲಿ ಒಂದಿತ್ತು, ಬೀರುವಿನೊಳಗೆ, ಬೀಗ ಹಾಕಿ. ಇವತ್ತು ಎರಡು ತಂದಿದ್ದೇನೆ. ಹೆಡ್‌ಮಾಸ್ಟರ್ ಅವರಲ್ಲಿ ನನ್ನದೊಂದೇ ವಿನಂತಿ: ಬೀಗ ಬೇಡ.