ಹಣೆಯ ಮೇಲಿನ ಕಲೆ

ಮೂಗಿನ ಅಂದಕ್ಕಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಪಟ್ಟಿ ಬಿಚ್ಚಿದ ದಿನವೇ ಕನ್ನಡಿ ನೋಡಿ ಎದೆಗುಂದುವುದುಂಟು. ಬಾವು ಪೂರ್ತಿ ಇಳಿದು, ಹೊಳ್ಳೆಗಳ ನಡುವಣ ಕಲೆ ಮಾಸಲು ವರ್ಷವಾದರೂ ಬೇಕೆಂದು ವೈದ್ಯರು ಎಚ್ಚರಿಸುತ್ತಾರೆ. ಈ ಕಾಯುವಿಕೆ ಹಳೆಯದು, ಕೇಳುಗರೆ.

ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಯ ಎತ್ತುಗಳನ್ನು ನಡೆಸುತ್ತಿದ್ದ ಕಾವಸ್‌ಜಿ ಎಂಬ ಮರಾಠನು ಟಿಪ್ಪುವಿನ ಕಡೆಯವರಿಗೆ ಸೆರೆಸಿಕ್ಕಿ ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡನು. ವರ್ಷಕ್ಕೂ ಮೀರಿ ಹಾಗೆಯೇ ಬಾಳಿದ ಮೇಲೆ, ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯವನೊಬ್ಬ ಅವನಿಗೆ ಹೊಸ ಮೂಗು ಕಟ್ಟಿದನು. ಆ ವೃತ್ತಾಂತ 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಅಚ್ಚಾಯಿತು.

ಮೇಣದ ಮೂಗೊಂದನ್ನು ಮಾಡಿ, ಅದನ್ನು ಚಪ್ಪಟೆಗೊಳಿಸಿ ಹಣೆಯ ಮೇಲಿಟ್ಟು ಗೆರೆ ಎಳೆಯುವುದು. ಅಷ್ಟಗಲ ಚರ್ಮವನ್ನು ಬಿಡಿಸಿ, ಕಣ್ಣುಗಳ ನಡುವೆ ಮಾತ್ರ ಅಂಟಿರುವಂತೆ ಉಳಿಸಿ, ತಿರುಗಿಸಿ ಕೆಳಗಿಳಿಸುವುದು. ರಕ್ತ ಹರಿಯಲು ಆ ಎಳೆಯೊಂದೇ ದಾರಿ. ನಾಲ್ಕು ದಿನ ಕಾಚಿನ ಲೇಪದ ಬಟ್ಟೆ, ಬಳಿಕ ತುಪ್ಪದಲ್ಲಿ ಅದ್ದಿದ ಬಟ್ಟೆ. ಐದಾರು ದಿನ ಅಂಗಾತ ಮಲಗಿರಬೇಕು. ಹತ್ತನೆಯ ದಿನ, ಹೊಳ್ಳೆಗಳು ಮುಚ್ಚಿಹೋಗದಂತೆ ಮೆತ್ತನೆಯ ಬಟ್ಟೆ ತುರುಕುವುದು. ಎಳೆಯನ್ನು ಕತ್ತರಿಸುವುದು ಇನ್ನೂ ತಡವಾಗಿ. 1814ರಲ್ಲಿ ಲಂಡನ್ನಿನ ಜೋಸೆಫ್ ಕಾರ್ಪ್ಯೂ ಇದನ್ನೇ ಅನುಸರಿಸಿದನು.

ಹಣೆಯ ಕಲೆ ಕಾಲಾಂತರದಲ್ಲಿ ಅಷ್ಟಾಗಿ ಕಾಣದೆಂದು ಪತ್ರಿಕೆಗೆ ಬರೆದವನ ಅಭಿಪ್ರಾಯ. ಚಿಕಿತ್ಸೆಯಾದ ಹತ್ತು ತಿಂಗಳಿಗೆ ಜೇಮ್ಸ್ ವೇಲ್ಸ್ ಬರೆದ ಚಿತ್ರದಲ್ಲಾದರೋ ಕಲೆ ಎದ್ದು ಕಾಣುತ್ತದೆ. ನನಗೆ ಚಿತ್ರಕಾರನಲ್ಲೇ ಹೆಚ್ಚು ನಂಬಿಕೆ. ಮೂಗು ಮರಳಿತು, ಕೈ ಮರಳಲಿಲ್ಲ. ಕನ್ನಡಿ ನೋಡಿದಾಗ ಕಾವಸ್‌ಜಿ ಏನೆಂದನೆಂಬುದು ಮಾತ್ರ ಆ ಬರಹದಲ್ಲಿಲ್ಲ.