ಮುಟ್ಟು, ಮಿದುಳು ಮತ್ತು ದುಡಿಮೆ

(ಮಾದಾಪುರದಲ್ಲಿ ಸೇರಿದ್ದ ನಮ್ಮ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಕೂಲಿ, ಬೋನಸ್ಸಿನ ಮಾತಾಡುವವನು ಇಂದು ಮುಟ್ಟಿನ ವಿಷಯ ಎತ್ತಿದನೆಂದು ಯಾರೂ ಮುಖ ತಿರುಗಿಸಬೇಡಿ. ಇದೂ ದುಡಿಮೆಯ ಮಾತೇ.

ನಾನು ಸಪ್ಲೈಯರ್ ಆಗಿದ್ದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಿದ್ದ ಅಕ್ಕ ಒಬ್ಬರಿದ್ದರು. ತಿಂಗಳಿಗೆ ಒಂದೆರಡು ದಿನ ಸಣ್ಣ ಮಾತಿಗೂ ಅವರ ಕಣ್ಣು ತುಂಬುತ್ತಿತ್ತು. "ತಲೆ ಕೆಟ್ಟಿದೆ" ಎಂದು ಮೇಸ್ತ್ರಿ ನಗುತ್ತಿದ್ದ, ನಾನೂ ನಕ್ಕೆ. ಒಮ್ಮೆ ಹೊಟ್ಟೆನೋವೆಂದು ಕುಳಿತಿದ್ದಕ್ಕೆ ಅರ್ಧ ದಿನದ ಕೂಲಿ ಹಿಡಿದರು. ನಾನು ಬಾಯಿ ಬಿಡಲಿಲ್ಲ. ಅದು ನನ್ನ ತಪ್ಪು.

ನಡೆಯುವುದೇನು? ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೆ ಅಪ್ಪಣೆ ಕೊಡುತ್ತದೆ. ಅಂಡಾಶಯ ಈಸ್ಟ್ರೋಜೆನ್, ಪ್ರೊಜೆಸ್ಟೆರೋನ್ ಎಂಬ ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ. ರಕ್ತದೊಡನೆ ಅವು ಮತ್ತೆ ಮಿದುಳಿಗೇ ಹೋಗಿ ನಿದ್ದೆ, ಮನಸ್ಸುಗಳನ್ನು ಮುಟ್ಟುತ್ತವೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ಎರಡೂ ಇಳಿಯುತ್ತವೆ. ಈ ಇಳಿತ ಎಲ್ಲರಿಗೂ ಉಂಟು. ಆದರೆ ಕೆಲವರ ಮಿದುಳಿಗೆ ಅದು ಹೆಚ್ಚು ತಾಗುತ್ತದೆ. ಅವರಿಗೆ ನಿದ್ದೆ ಕೆಡುತ್ತದೆ, ಸಿಟ್ಟು, ಅಳು ಬರುತ್ತದೆ. ನೂರರಲ್ಲಿ ಕೆಲವರಿಗೆ ಬದುಕೇ ಬೇಡವೆನ್ನುವಷ್ಟು ಬಾಧೆ. ಅದು ಕಾಯಿಲೆ, ಅದಕ್ಕೆ ಚಿಕಿತ್ಸೆ ಇದೆ. ನಾಚದೆ ಡಾಕ್ಟರರಿಗೆ ತೋರಿಸಬೇಕು.

ಹಾಗಾದರೆ ಬುದ್ಧಿ ಕೆಡುತ್ತದೆಯೇ? ಇಲ್ಲ. ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2025ರಲ್ಲಿ ಪರಿಶೀಲಿಸಿದಾಗ, ಮುಟ್ಟಿನ ಚಕ್ರದಿಂದ ನೆನಪು, ಲೆಕ್ಕ, ಜಾಣತನ ಕುಗ್ಗುತ್ತವೆಂಬುದಕ್ಕೆ ಗಟ್ಟಿಯಾದ ಆಧಾರ ಸಿಗಲಿಲ್ಲ. ಒಲೆಯ ಉರಿ ಏರಿಳಿದರೆ ಅಡುಗೆಯವನ ಕೈಗುಣ ಹೋಗುತ್ತದೆಯೇ?

ಕರ್ನಾಟಕದ ಮಂತ್ರಿಮಂಡಲ 2025ರ ಅಕ್ಟೋಬರ್ 9ರಂದು ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆಗೆ ಒಪ್ಪಿತು. ಸರ್ಕಾರಿ, ಖಾಸಗಿ ಎರಡೂ ಕೆಲಸಗಳಿಗೆ ಅದು ಸೇರುತ್ತದೆ. ಅದೇ ವರ್ಷದ ಡಿಸೆಂಬರಿನಲ್ಲಿ ಬೆಂಗಳೂರಿನ ಹೋಟೆಲ್ ಮಾಲೀಕರ ಸಂಘ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಿತು. ನಮ್ಮ ಕಸುಬಿನ ಮಾಲೀಕರೇ! ಆ ಆದೇಶ ಗಡಿ ದಾಟಿ ಮಾದಾಪುರಕ್ಕೆ ಬರುವುದಿಲ್ಲ. ಇಲ್ಲಿ ನಾವೇ ಕೇಳಬೇಕು.

ರಜೆ ಕೊಟ್ಟರೆ ಹೆಂಗಸರನ್ನು ಕೆಲಸಕ್ಕೇ ತೆಗೆದುಕೊಳ್ಳುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಹೆಂಗಸರು ಮಾತ್ರ ಕೇಳಿದರೆ ಆ ಬೆದರಿಕೆ ನಡೆದೀತು. ಗಂಡಸರೂ ಜೊತೆಗೆ ನಿಂತರೆ ನಡೆಯದು. ಸಂಬಳ ಹಿಡಿಯದ ಒಂದು ದಿನ, ಕೂರಲು ಸ್ಟೂಲು, ಚಿಲಕವಿರುವ ಕಕ್ಕಸು, ನೀರು: ಇಷ್ಟು ನಮ್ಮ ಬೇಡಿಕೆ. ಅದಕ್ಕೂ ಮೊದಲು ನಾಳೆಯಿಂದಲೇ, ಆ ನಗು ನಿಲ್ಲಲಿ. ಅದಕ್ಕೆ ಯಾವ ಸರ್ಕಾರದ ಆದೇಶವೂ ಬೇಡ.